ಸಾಬೂನಿನ ಜೊತೆಗೆ ಬಂದ ಮಾತ್ರೆ

ಈಗ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರುವ ಹುಡುಗಿಯರು ಕೆಲವರು ನನ್ನನ್ನು ನೋಡಲು ಬರುತ್ತಾರೆ. "ನಿಮ್ಮ ಕಾಲದಲ್ಲಿ ಹೇಗಿತ್ತು ಆಂಟಿ?" ಎಂದು ಕೇಳಿ, ಏನೋ ದೊಡ್ಡ ಕಾಯಿಲೆಯ ಕಥೆ ಬರುತ್ತದೆಂದು ಕಾಯುತ್ತಾರೆ. ನನ್ನ ಬಳಿ ಅದು ಇಲ್ಲ. ನಾನು ಸರಕಾರಿ ಉಪಕೇಂದ್ರಗಳಲ್ಲಿ ನರ್ಸ್ ಆಗಿದ್ದವಳು. ಶೀತ, ಕೆಮ್ಮು, ತಲೆನೋವು, ಭೇದಿ, ಸೊಂಟನೋವು, ಬಸುರಿಯರ ವಾಂತಿ, ಮಕ್ಕಳ ಕಜ್ಜಿ, ಇವೇ ನನ್ನ ಬಂಡವಾಳ. ದೊಡ್ಡ ಕಾಯಿಲೆಗೆ ಮಣಿಪಾಲದ ಗುಡ್ಡದ ಮೇಲೆ ದೊಡ್ಡಾಸ್ಪತ್ರೆ ಇತ್ತು, ಸಣ್ಣದಕ್ಕೆ ನಾನಿದ್ದೆ. ಆದರೆ ಬಾಗಿಲಿಗೆ ಬಂದ ತಲೆನೋವು ಸಣ್ಣದೋ ದೊಡ್ಡದೋ ಎಂದು ಅದರ ಹಣೆಯ ಮೇಲೆ ಬರೆದಿರುವುದಿಲ್ಲ. ಅದನ್ನು ತೀರ್ಮಾನ ಮಾಡಬೇಕಾದವಳು ನಾನು. ನಾನೋ ಹುಟ್ಟಾ ಪುಕ್ಕಲಿ. "ಹಿಲ್ಡಾ, ನೀನು ಹಗ್ಗ ಕಂಡರೂ ಹಾವು ಎನ್ನುವವಳು" ಎಂದು ನನ್ನ ಅಮ್ಮ ಹೇಳುತ್ತಿದ್ದರು. ಅಂಥವಳಿಗೆ ಈ ಕೆಲಸ ಸಿಕ್ಕಿತು.

ಒಬ್ಬರಿಗೆ ಮದ್ದು ಕೊಟ್ಟು ಮನೆಗೆ ಕಳುಹಿಸಿದರೆ ನನ್ನ ಮನಸ್ಸು ಅವರ ಹಿಂದೆಯೇ ಹೋಗುತ್ತಿತ್ತು. ಹೊಟ್ಟೆ ನೋವು ಬಲಗಡೆ ಎಂದರೋ ಎಡಗಡೆ ಎಂದರೋ? ಜ್ವರ ಬಿಟ್ಟದ್ದೋ, ನಾನು ಕೈಯಿಟ್ಟಾಗ ಮಾತ್ರ ಕಡಿಮೆ ಇದ್ದದ್ದೋ? ಕೊನೆಗೆ ಕೊಡೆ ಹಿಡಿದು ಅವರ ಮನೆಗೇ ಹೋಗುವುದು. ಅಲ್ಲಿ ರೋಗಿ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿರುತ್ತಿದ್ದಳು. ನಾನು ಏನೋ ನೆವ ಹೇಳಿ ಹಿಂದೆ ಬರುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಕಾರ್ಕಳ ತಾಲೂಕಿನ ಬೆಳ್ಮಣ್‌ನಲ್ಲಿ ನನಗೆ ಮೊದಲ ಕೆಲಸ. ಗಾಜಿನ ಸಿರಿಂಜುಗಳನ್ನು ಸೀಮೆಎಣ್ಣೆ ಸ್ಟವ್ವಿನ ಮೇಲೆ ಕುದಿಸಿ ಕುದಿಸಿ ಚುಚ್ಚುತ್ತಿದ್ದ ಕಾಲ. ಸೂಜಿ ಚುಚ್ಚದವಳನ್ನು ಯಾರೂ ನರ್ಸ್ ಎಂದು ಒಪ್ಪುತ್ತಿರಲಿಲ್ಲ. ಅಲ್ಲಿ ಒಂದು ಮನೆಯಲ್ಲಿ ಎಳೆಯ ಮಗುವಿಗೆ ಭೇದಿ. ಹೋಗಿ ನೋಡಿದರೆ ಕಣ್ಣು ಒಳಗೆ ಹೋಗಿದೆ, ಚರ್ಮ ಹಿಡಿದೆಳೆದರೆ ಎಳೆದಲ್ಲೇ ನಿಲ್ಲುತ್ತದೆ. ಹಿಂದಿನ ದಿನದಿಂದ ಒಂದು ತೊಟ್ಟು ನೀರು ಕೊಟ್ಟಿರಲಿಲ್ಲ. ಮಗುವಿನ ಅಜ್ಜಿ ನನಗೇ ಪಾಠ ಹೇಳಿದರು.

"ಮೇಲಿಂದ ಹಾಕಿದರೆ ಕೆಳಗಿಂದ ಹೋಗುವುದಲ್ವಾ ಬಾಯಿ? ಹೊಟ್ಟೆ ಒಣಗಿದರೆ ಭೇದಿ ತನ್ನಿಂದ ತಾನೇ ನಿಲ್ಲುತ್ತದೆ."

ಕರಾವಳಿಯಲ್ಲಿ ಕ್ರೈಸ್ತ ಹೆಂಗಸರನ್ನು ಬಾಯಿ ಎನ್ನುತ್ತಾರೆ. ನಾನು ಎಲ್ಲಿ ಹೋದರೂ ನರ್ಸ್ ಬಾಯಿಯೇ. ಅಜ್ಜಿಯ ಜೊತೆ ವಾದ ಮಾಡುವ ಧೈರ್ಯ ನನಗಿರಲಿಲ್ಲ. ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಬೇಯುತ್ತಿತ್ತು. "ನೀರು ಬೇಡ ಅಜ್ಜಿ, ಗಂಜಿ ತಿಳಿ ಕೊಡಬಹುದಲ್ಲ?" ಎಂದೆ. ಅವರು ಸ್ವಲ್ಪ ಯೋಚಿಸಿ, "ತಿಳಿ ಆದರೆ ಅಡ್ಡಿಯಿಲ್ಲ, ಅದು ಅನ್ನವೇ ಅಲ್ವಾ" ಎಂದರು. ಉಪ್ಪು ಹಾಕಿ ಚಮಚದಲ್ಲಿ ಕುಡಿಸುತ್ತಾ ಕುಳಿತೆ. ಸಂಜೆಯ ಹೊತ್ತಿಗೆ ಮಗು ಮೂತ್ರ ಮಾಡಿತು. ನನ್ನ ಸೀರೆಯ ಮೇಲೆಯೇ ಮಾಡಿತು. ಅಷ್ಟು ಸಂತೋಷ ನನಗೆ ಮೊದಲ ಸಂಬಳದಲ್ಲೂ ಆಗಿರಲಿಲ್ಲ.

ಮುಂದೆ ಉಪ್ಪು ಸಕ್ಕರೆಯ ಪೊಟ್ಟಣಗಳು ಬಂದವು. ಅವು ಬಂದ ಮೇಲೆ ನನ್ನ ಭಯ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ದೊಡ್ಡ ಚೆಂಬಿನ ನೀರಿಗೆ ಕಲಸಬೇಕಾದ್ದನ್ನು ಒಂದು ಚಾ ಗ್ಲಾಸಿಗೆ ಕಲಸಿ ಕೊಡುವವರಿದ್ದರು. ಗಟ್ಟಿಯಾದಷ್ಟು ಗುಣ ಜಾಸ್ತಿ ಎಂಬ ನಂಬಿಕೆ. ಈ "ಜಾಸ್ತಿ"ಯ ಜೊತೆ ನಾನು ಕೆಲಸ ಮುಗಿಸುವ ತನಕ ಜಗಳವಾಡಿದ್ದೇನೆ.

ಬೆಳ್ಮಣ್‌ನಿಂದ ಕಾಪುವಿಗೆ ವರ್ಗವಾಯಿತು. ಅಲ್ಲಿ ರಕ್ತದೊತ್ತಡ ನೋಡುವ ಯಂತ್ರ ಮೊದಲ ಸಲ ನನ್ನ ಕೈಗೆ ಸಿಕ್ಕಿತು. ಯಂತ್ರ ಬಂದ ಸುದ್ದಿ ಮೀನು ಮಾರುಕಟ್ಟೆಗೆ ಮುಟ್ಟಿತು. ಬೆಳಗ್ಗೆ ಮೀನು ಮಾರಿ ಮುಗಿಸಿದ ಹೆಂಗಸರು ಬುಟ್ಟಿ ಹೊರಗಿಟ್ಟು ಸಾಲಾಗಿ ಕುಳಿತರು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿಸಿದಾಗ ಅವರಿಗೆ ಬಹಳ ಹಿತವಾಗುತ್ತಿತ್ತು. ಬಿಗಿಯುವುದೇ ಚಿಕಿತ್ಸೆ ಎಂದು ತಿಳಿದಿದ್ದರು.

"ಈ ಕೈಯಿಗೂ ಸ್ವಲ್ಪ ಬಿಗಿಯಿರಿ ಬಾಯಿ, ನಿನ್ನೆಯಿಂದ ಸೆಳೆತ ಉಂಟು" ಎಂದು ಒಬ್ಬಳು. "ಸೊಂಟಕ್ಕೆ ಆಗುವಷ್ಟು ಉದ್ದದ ಪಟ್ಟಿ ಸರಕಾರದವರು ಕೊಡುವುದಿಲ್ಲವಾ?" ಎಂದು ಇನ್ನೊಬ್ಬಳು. ನಾನೂ ನಕ್ಕೆ. ಆದರೆ ಆ ಸಾಲಿನಲ್ಲಿ, ಗೆಳತಿಯ ಜೊತೆಗೆಂದು ಸುಮ್ಮನೆ ಬಂದವಳೊಬ್ಬಳ ತೋಳಿಗೆ ಸುತ್ತಿದಾಗ ಪಾದರಸ ಏರಿದ್ದು ಇಳಿಯಲೊಲ್ಲದು. ಅವಳಿಗೆ ತಲೆನೋವಿಲ್ಲ, ಸುಸ್ತಿಲ್ಲ, ಒಂದು ದೂರೂ ಇಲ್ಲ. ಅವಳನ್ನು ಅಂದೇ ಮಣಿಪಾಲದ ಬಸ್ಸು ಹತ್ತಿಸಿದೆ. ಅಂದಿನಿಂದ ದೂರು ಹೇಳದವರನ್ನು ಕಂಡರೂ ನನಗೆ ಹೆದರಿಕೆ ಶುರುವಾಯಿತು.

ನಮ್ಮ ಆರೋಗ್ಯ ಕೇಂದ್ರದ ಡಾಕ್ಟರು ಘಟ್ಟದ ಮೇಲಿನವರು. ಒಳ್ಳೆಯವರು, ಆದರೆ ನಾಲಿಗೆ ಸ್ವಲ್ಪ ಹುಳಿ. ವಾರಕ್ಕೊಮ್ಮೆ ನನ್ನ ವರದಿ ಕೇಳಿ, "ನೀವು ಕಳಿಸೋರಲ್ಲಿ ಅರ್ಧ ಜನ ನಡ್ಕೊಂಡೇ ವಾಪಸ್ ಬರ್ತಾರಲ್ರೀ ಸಿಸ್ಟರ್. ನಿಮ್ಮ ಹೆದರಿಕೆಗೆ ಸರಕಾರ ಪ್ರಯಾಣ ಭತ್ಯೆ ಕೊಡಲ್ಲ" ಎನ್ನುತ್ತಿದ್ದರು. ಅದೇ ಡಾಕ್ಟರು ಒಂದು ದಿನ ಕೈ ತೊಳೆಯುತ್ತಾ ಹೇಳಿದ ಮಾತು ನನ್ನ ತಲೆಯಲ್ಲಿ ಉಳಿಯಿತು. "ತಣ್ಣಗೆ ಬೆವರಿ ಮಂಕಾದವರನ್ನ ಕಂಡರೆ ಮೊದಲು ಬಾಯಿಗೆ ಸಿಹಿ. ಕಾರಣ ಅದಲ್ಲದಿದ್ದರೆ ನಷ್ಟ ಇಲ್ಲ. ಅದೇ ಆಗಿದ್ದರೆ ಜೀವ ಉಳಿಯುತ್ತೆ."

ಎಂಬತ್ತರ ದಶಕದಲ್ಲಿ ನಾನು ಕೆಮ್ಮಣ್ಣಿಗೆ ಬಂದೆ. ಅದೇ ಡಾಕ್ಟರಿಗೂ ಆ ಕಡೆಗೇ ವರ್ಗವಾಗಿತ್ತು. ಹೊಳೆ, ತೆಂಗಿನ ತೋಟ, ಹೊಳೆಯ ನಡುವೆ ಕುದ್ರು ಎಂದು ಕರೆಯುವ ಸಣ್ಣ ಸಣ್ಣ ನಡುಗಡ್ಡೆಗಳು. ಆ ಹೊತ್ತಿಗೆ ಮನೆಗೊಬ್ಬರಂತೆ ಗಲ್ಫಿಗೆ ಹೋಗಿದ್ದರು. ರಜೆಯಲ್ಲಿ ಒಬ್ಬ ಬಂದನೆಂದರೆ ಇಡೀ ಊರಿಗೆ ಪಾಲು. ನೆರೆಮನೆಯವರಿಗೆಲ್ಲ ಸಾಬೂನು, ಶರಬತ್ತಿನ ಟ್ಯಾಂಗ್ ಪುಡಿ, ತಲೆನೋವಿನ ಬಾಮು. ಜಾತಿ, ಧರ್ಮ ಎಂದಿಲ್ಲ. ಬೇಲಿಯಾಚೆ ಸೊಪ್ಪು ಕೊಟ್ಟವರಿಗೂ ಒಂದು ಸಾಬೂನು ಹೋಗಬೇಕು. ಕೊಡದಿದ್ದರೆ ಮಗ ಬಂದದ್ದೇ ವ್ಯರ್ಥ ಎಂದು ತಾಯಂದಿರು ತಿಳಿಯುತ್ತಿದ್ದರು.

ಕಾರ್ಮಿನ್ ಬಾಯಿ ಎಂಬ ವಿಧವೆಯ ಮಗ ಸಿರಿಲ್ ಆ ವರ್ಷ ಬಹರೈನಿನಿಂದ ಬಂದಿದ್ದ. ಕಾರ್ಮಿನ್ ಬಾಯಿಯದು ಕೊಡುಗೈ. ಮಗ ತಂದ ಪೆಟ್ಟಿಗೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬ ಇತ್ತು, ಅದರಲ್ಲಿ ಅವನ ಕೋಣೆಯ ಜೊತೆಗಾರರು ಬಿಟ್ಟುಹೋದ ಮಾತ್ರೆಗಳು. ಒಂದು ಬಗೆಯ ಮಾತ್ರೆಯನ್ನು ತೋರಿಸಿ, "ನಮ್ಮ ಕೋಣೆಯ ಹಿರಿಯರು ಇದನ್ನು ತಗೊಂಡ ಮೇಲೆ ಅವರ ಸುಸ್ತೆಲ್ಲ ಹೋಯಿತು" ಎಂದು ಸಿರಿಲ್ ತಾಯಿಗೆ ಹೇಳಿದ್ದನಂತೆ. ಸುಸ್ತು ಯಾರಿಗಿಲ್ಲ? ಕಾರ್ಮಿನ್ ಬಾಯಿ ಕತ್ತರಿ ತೆಗೆದು ಮಾತ್ರೆಯ ಪಟ್ಟಿಗಳನ್ನು ಎರಡೆರಡರಂತೆ ಕತ್ತರಿಸಿ, ಸಾಬೂನಿನ ಜೊತೆ ಒಂದೊಂದು ತುಂಡು ಕೊಟ್ಟರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಒಂದು ದಿನ ಬೆಳಗ್ಗೆ ಉಪಕೇಂದ್ರದ ಬೀಗ ತೆಗೆಯುತ್ತಿದ್ದಾಗ ಶೇಖರ ಓಡಿ ಬಂದ. ಕುದ್ರುವಿನಲ್ಲಿ ಮನೆ, ದೋಣಿಯಲ್ಲಿ ಮೀನು ಹಿಡಿಯುವ ಕೆಲಸ. ಅವನ ತಾಯಿ ಗಿರಿಜಕ್ಕ ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಕೊಡುವವರು.

"ಅಮ್ಮ ಎಂತೆಂತದೋ ಮಾತಾಡುತ್ತಾರೆ ಬಾಯಿ. ದೋಣಿ ಹತ್ತುವ ಕಡವಿನಲ್ಲಿ ಮೀನಿನ ಬುಟ್ಟಿಯನ್ನು ಹೊಳೆಗೆ ಬಿಸಾಡಿದರು. ಈಗ ಮಲಗಿದ್ದಾರೆ, ಕರೆದರೆ ಓಗೊಡುವುದಿಲ್ಲ."

ಗಿರಿಜಕ್ಕ ಮೀನು ಬಿಸಾಡುವುದೆಂದರೆ ಲೋಕ ಮುಳುಗಿದ ಹಾಗೆ. ಅವರ ದೋಣಿಯಲ್ಲಿಯೇ ಹೋದೆ. ಮನೆಯಲ್ಲಿ ಜನ ಸೇರಿದ್ದರು. ದೈವದ ಕೋಪವೆಂದು ಒಬ್ಬರು, ಮೈಮೇಲೆ ದೈವ ಬರುವ ಪಾತ್ರಿಯನ್ನು ಕರೆದು ದರ್ಶನದಲ್ಲಿ ಕೇಳಬೇಕೆಂದು ಇನ್ನೊಬ್ಬರು. ಗಿರಿಜಕ್ಕ ಚಾಪೆಯ ಮೇಲಿದ್ದರು. ಜ್ವರವಿಲ್ಲ. ಒತ್ತಡ ಸರಿಯಾಗಿದೆ. ನಾಡಿ ಮಾತ್ರ ಓಡುತ್ತಿದೆ, ಮೈ ತಣ್ಣಗೆ, ರವಿಕೆ ಬೆವರಿನಿಂದ ಒದ್ದೆ. ಗಲ್ಲ ತಟ್ಟಿದರೆ ನರಳುತ್ತಾರೆ, ಮಾತಿಲ್ಲ. ನನಗೆ ಏನೂ ಹೊಳೆಯಲಿಲ್ಲ. ಈ ಹೆಂಗಸು ನನ್ನ ಕಣ್ಣೆದುರೇ ಹೋಗುತ್ತಾರೆ ಎಂದು ಅನ್ನಿಸಿತು.

ಅಷ್ಟರಲ್ಲಿ ಅವರ ಸೊಸೆ ನನ್ನ ಮುಂದೆ ಒಂದು ತಟ್ಟೆ ಇಟ್ಟಳು. ಅದರಲ್ಲಿ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಈ ಕಡೆ ಮನೆಗೆ ಯಾರು ಬಂದರೂ ಮೊದಲು ಬೆಲ್ಲ ನೀರು. ಅತ್ತೆ ಪ್ರಜ್ಞೆಯಿಲ್ಲದೆ ಮಲಗಿದ್ದರೂ ಆ ಹುಡುಗಿಯ ಕೈ ರೂಢಿ ಬಿಟ್ಟಿರಲಿಲ್ಲ. ಬೆಲ್ಲವನ್ನು ಕಂಡದ್ದೇ ನನಗೆ ಡಾಕ್ಟರ ಮಾತು ನೆನಪಾಯಿತು. ಗಿರಿಜಕ್ಕನನ್ನು ಮಗ್ಗುಲಿಗೆ ತಿರುಗಿಸಿದೆ. ನುಂಗುವ ಶಕ್ತಿ ಇಲ್ಲದವರಿಗೆ ನೀರು ಹೊಯ್ದರೆ ಶ್ವಾಸಕ್ಕೆ ಹೋಗುತ್ತದೆ. ಬೆಲ್ಲವನ್ನು ಬೆರಳಲ್ಲಿ ಸ್ವಲ್ಪ ಸ್ವಲ್ಪವೇ ಕರಗಿಸಿ ಅವರ ಕೆನ್ನೆಯ ಒಳಮೈಗೆ ಸವರುತ್ತಾ ಹೋದೆ. ಸುತ್ತಲಿನವರು, ನರ್ಸ್ ಬಾಯಿಗೂ ತಲೆ ಕೆಟ್ಟಿತು ಎಂದುಕೊಂಡಿರಬೇಕು.

ಸ್ವಲ್ಪ ಹೊತ್ತಿನಲ್ಲಿ ಗಿರಿಜಕ್ಕ ಕಣ್ಣು ಬಿಟ್ಟರು. ನನ್ನನ್ನು ನೋಡಿದರು. "ನನ್ನ ಬುಟ್ಟಿ ಎಲ್ಲಿ?" ಎಂದರು.

ಎಲ್ಲರೂ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಸಕ್ಕರೆ ಕಾಯಿಲೆ ಇಲ್ಲದವರಿಗೆ ರಕ್ತದ ಸಕ್ಕರೆ ಇಷ್ಟು ಇಳಿಯುವುದು ಹೇಗೆ? ಬೆಳಗ್ಗೆ ಏನು ತಿಂದಿರಿ ಎಂದರೆ, ಬರೀ ಹೊಟ್ಟೆ. ಮದ್ದು ಏನಾದರೂ ತಗೊಂಡಿರಾ ಎಂದರೆ, "ಇಲ್ಲ ಬಾಯಿ, ಎಂತದೂ ಇಲ್ಲ."

"ಕಾರ್ಮಿನ್ ಬಾಯಮ್ಮನ ಮನೆಯಿಂದ ಬಂದ ಮಾತ್ರೆ ತಗೊಂಡಿರಲ್ಲ ಅತ್ತೆ" ಎಂದಳು ಸೊಸೆ.

"ಅದು ಮದ್ದಲ್ಲ ಮಾರಾಯ್ತಿ, ಅದು ಗಲ್ಫಿನದ್ದು" ಎಂದರು ಗಿರಿಜಕ್ಕ. ಒಂದರಿಂದ ಏನೂ ಆಗಲಿಲ್ಲವೆಂದು ಎರಡನೆಯದನ್ನೂ ನುಂಗಿದ್ದರು. ಕತ್ತರಿಸಿದ ಖಾಲಿ ತುಂಡನ್ನು ಸೊಸೆ ತಂದು ಕೊಟ್ಟಳು. ಹಿಂಬದಿಯಲ್ಲಿ ಹೆಸರಿನ ಒಂದೆರಡು ಅಕ್ಷರ ಮಾತ್ರ ಉಳಿದಿತ್ತು. ಕತ್ತರಿ ಉಳಿದದ್ದನ್ನು ತಿಂದಿತ್ತು.

ಈಗಲೇ ಮಣಿಪಾಲಕ್ಕೆ ಹೊರಡಬೇಕು ಎಂದೆ. ಶೇಖರ ಒಪ್ಪಲಿಲ್ಲ. "ಎದ್ದು ಕೂತಿದ್ದಾರಲ್ಲ ಬಾಯಿ. ಇನ್ನು ಮಣಿಪಾಲ ಎಂತಕ್ಕೆ?" ಎಂದ. ಅವನು ಹೇಳುವುದು ತಪ್ಪಲ್ಲ. ಗಿರಿಜಕ್ಕ ಕೂದಲು ಕಟ್ಟಿಕೊಳ್ಳುತ್ತಿದ್ದರು. ಸುಮ್ಮನೆ ಹೆದರಿ ಬಡವರ ದಿನ ಕೆಡಿಸಿದೆ ಎಂದು ಡಾಕ್ಟರು ಮತ್ತೆ ಹಾಸ್ಯ ಮಾಡುವುದು ನನ್ನ ಕಣ್ಣಿಗೆ ಕಟ್ಟಿತು. ಆದರೆ ಬೆಲ್ಲ ಕರಗಿ ಮುಗಿಯುತ್ತದೆ, ಹೊಟ್ಟೆಯೊಳಗಿನ ಮಾತ್ರೆ ಯಾವುದೆಂದು, ಎಷ್ಟು ಹೊತ್ತು ಕೆಲಸ ಮಾಡುತ್ತದೆಂದು ನನಗೆ ಗೊತ್ತಿಲ್ಲ. "ಶೇಖರ, ನನಗೆ ಹೆದರಿಕೆಯಾಗುತ್ತಿದೆ. ನನಗೋಸ್ಕರ ಬಾ" ಎಂದೆ. ಬೇರೆ ಯಾವ ವಿದ್ಯೆಯೂ ನನ್ನಲ್ಲಿರಲಿಲ್ಲ. ಅವನು ಹುಟ್ಟು ಕೈಗೆತ್ತಿಕೊಂಡ.

ಹೊಳೆ ದಾಟಿ ಬಾಡಿಗೆ ಕಾರು ಹಿಡಿದು ಹೊರಟೆವು. ಗುಡ್ಡ ಹತ್ತುವ ಮೊದಲೇ ಗಿರಿಜಕ್ಕನ ತಲೆ ನನ್ನ ಭುಜದ ಮೇಲೆ ಬಿತ್ತು. ಮತ್ತೆ ಅದೇ ಬೆವರು, ಅದೇ ಮಂಕು. ಸೊಸೆ ನನ್ನ ಸೆರಗಿನಲ್ಲಿ ಕಟ್ಟಿಕೊಟ್ಟಿದ್ದ ಬೆಲ್ಲವನ್ನು ಸವರುತ್ತಾ ಜಪಮಾಲೆಯ ಪ್ರಾರ್ಥನೆ ಹೇಳಿದೆ. ಶೇಖರ ಮುಂದಿನ ಸೀಟಿನಿಂದ ಹಿಂದೆ ತಿರುಗಿ ತಾಯಿಯ ಕಾಲು ಹಿಡಿದುಕೊಂಡಿದ್ದ. ಆಸ್ಪತ್ರೆಯಲ್ಲಿ ಕೂಡಲೇ ಗ್ಲೂಕೋಸ್ ಏರಿಸಿದರು. ಸಕ್ಕರೆ ಕಾಯಿಲೆಯ ಮಾತ್ರೆ ಇರಬೇಕು, ಇದು ಮತ್ತೆ ಮತ್ತೆ ಇಳಿಸುತ್ತದೆ, ಬಿಟ್ಟು ಕಳಿಸುವಂತಿಲ್ಲ ಎಂದರು ಅಲ್ಲಿಯ ಡಾಕ್ಟರು. "ಪಟ್ಟಿಯ ಉಳಿದ ಭಾಗ ಎಲ್ಲಿ?" ಎಂದು ಕೇಳಿದರು.

ಆ ತುಂಡಿನ ಮೇಲಿನ ಕತ್ತರಿಯ ಗುರುತು ಆಗ ನನಗೆ ಅರ್ಥವಾಯಿತು, ಸಾಬೂನಿನ ಹಾಗೆ ಮಾತ್ರೆಯನ್ನೂ ಹಂಚಿದ್ದಾರೆ. ಉಳಿದ ಭಾಗ ಕೆಮ್ಮಣ್ಣಿನ ಮನೆ ಮನೆಯಲ್ಲಿತ್ತು.

ಶೇಖರನನ್ನು ತಾಯಿಯ ಬಳಿ ಬಿಟ್ಟು ಬಸ್ಸು ಹಿಡಿದು ಹಿಂದೆ ಬಂದೆ. ಬಸ್ಸು ಪ್ರತಿ ನಿಲ್ದಾಣದಲ್ಲಿ ನಿಲ್ಲುವಾಗಲೂ ಈಗ ಯಾರೋ ಒಬ್ಬರು ನೀರಿನ ಲೋಟ ಹಿಡಿದಿದ್ದಾರೆ ಎಂದು ಅನ್ನಿಸುತ್ತಿತ್ತು. ಕಾರ್ಮಿನ್ ಬಾಯಿಗೆ ವಿಷಯ ಹೇಳಿದಾಗ ಅವರು ಗೋಡೆ ಹಿಡಿದು ನಿಂತರು. "ನಾನು ಕೊಂದೆನಾ?" ಎಂದು ಕೇಳಿದರು. ಇಲ್ಲ, ಆದರೆ ಬೇರೆ ಯಾರಿಗೆಲ್ಲ ಕೊಟ್ಟಿರಿ ಎಂದೆ. ಅವರಿಗೆ ಒಂದೂ ನೆನಪಾಗಲಿಲ್ಲ, ಗಾಬರಿಗೆ ಮನಸ್ಸು ಖಾಲಿಯಾಗಿತ್ತು. "ಮಾತ್ರೆ ಬಿಡಿ, ಸಾಬೂನು ಯಾರಿಗೆ ಕೊಟ್ಟಿರಿ?" ಎಂದೆ. ಆಗ ಒಂದೊಂದಾಗಿ ಬಂತು. ಹಸಿರು ಸಾಬೂನು ಟೈಲರನ ಮನೆಗೆ, ಗುಲಾಬಿ ಬಣ್ಣದ್ದು ಬ್ಯಾರಿಗಳ ಮನೆಗೆ, ಬಿಳಿಯದು ಕಾಯಿ ಕೀಳುವವನ ಹೆಂಡತಿಗೆ.

ಇಬ್ಬರೂ ಬಿಸಿಲಿನಲ್ಲಿ ಮನೆ ಮನೆಗೆ ಹೋದೆವು. ಕೊಟ್ಟದ್ದನ್ನು ವಾಪಸು ಕೇಳುವುದು ಕಾರ್ಮಿನ್ ಬಾಯಿಯ ಜನ್ಮದಲ್ಲಿ ಅದೇ ಮೊದಲು. ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದರು, ಮಾತು ನಾನೇ ಆಡುತ್ತಿದ್ದೆ. ದೇವರ ದಯೆ, ಫಾರಿನ್ ಮಾತ್ರೆ ಎಂದು ಎಲ್ಲರೂ ಕಷ್ಟಕಾಲಕ್ಕೆ ಇರಲೆಂದು ಎತ್ತಿಟ್ಟಿದ್ದರು. ಒಬ್ಬರಂತೂ ಬಂಗಾರದ ಸರದ ಡಬ್ಬಿಯಲ್ಲಿಟ್ಟಿದ್ದರು. ಟೈಲರನ ಮನೆಗೆ ಮಾತ್ರ ಬೀಗ. ಅವನ ಹೆಂಡತಿ ಜೂಲಿಯಾನ ಕಾರ್ಕಳಕ್ಕೆ ಮದುವೆಗೆ ಹೋಗಿದ್ದಾಳೆಂದು ನೆರೆಯವರು ಹೇಳಿದರು. "ಬಸ್ಸಿನಲ್ಲಿ ವಾಂತಿ ಬಂದರೆ ಇರಲಿ ಎಂದು ಆ ಮಾತ್ರೆಯನ್ನು ಬ್ಯಾಗಿಗೆ ಹಾಕಿದ್ದಳು" ಎಂದೂ ಹೇಳಿದರು.

ಬಸ್ಸು ನಿಲ್ಲುವ ಅಂಗಡಿಯ ಬೆಂಚಿನಲ್ಲಿ ಕುಳಿತೆವು. ಬಸ್ಸುಗಳು ಬಂದವು, ಹೋದವು. ಕಾರ್ಮಿನ್ ಬಾಯಿ ನನ್ನ ಕೈ ಬಿಟ್ಟಿರಲಿಲ್ಲ. ಅವರ ಕೈ ಗಿರಿಜಕ್ಕನ ಮೈಯಷ್ಟೇ ತಣ್ಣಗಿತ್ತು. ಇಳಿಹೊತ್ತಿನ ಬಸ್ಸಿನಿಂದ ಜೂಲಿಯಾನ ತಲೆತುಂಬಾ ಮಲ್ಲಿಗೆ ಮುಡಿದು ಇಳಿದಳು. ನಾವಿಬ್ಬರೂ ಎದ್ದು ಅವಳ ಮೇಲೆ ಬಿದ್ದಂತೆ ಹೋದೆವು. ಮಾತ್ರೆ ತಗೊಂಡೆಯಾ ಎಂದು ಕೇಳಿದೆ.

"ಇಲ್ಲ ಬಾಯಿ. ಕಿಟಕಿಯ ಸೀಟು ಸಿಕ್ಕಿತು. ಮತ್ತೆ ಸುಮ್ಮನೆ ಯಾಕೆ ಖರ್ಚು ಮಾಡುವುದು ಎಂದು ಇಟ್ಟೆ" ಎಂದಳು.

ಕಾರ್ಮಿನ್ ಬಾಯಿ ಅಲ್ಲೇ ರಸ್ತೆಯ ಬದಿಯಲ್ಲಿ ಕುಳಿತು ಅತ್ತರು. ನಾನೂ ಅತ್ತೆ. ಜೂಲಿಯಾನ ಏನೂ ತಿಳಿಯದೆ ಬ್ಯಾಗಿನಿಂದ ಮದುವೆಯ ಲಾಡು ತೆಗೆದು ಇಬ್ಬರಿಗೂ ಕೊಟ್ಟಳು.

ವಾರದ ವರದಿ ಕೇಳಿದಾಗ ನಮ್ಮ ಡಾಕ್ಟರು ಹಾಸ್ಯ ಮಾಡಲಿಲ್ಲ. "ನಿಮ್ಮ ಹೆದರಿಕೆಗೆ ಕೊನೆಗೂ ಕೆಲಸ ಸಿಕ್ತು, ಬಿಡಿ" ಎಂದು ಅವರೇ ನನಗೆ ಚಹಾ ತರಿಸಿದರು. ಅಂದಿನಿಂದ ನಾನು ಒಂದು ರೂಢಿ ಮಾಡಿಕೊಂಡೆ. ಗಲ್ಫಿನಿಂದ ಯಾರೇ ಬರಲಿ, ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ಆ ಮನೆಗೆ ಹೋಗಿ ಮಾತ್ರೆಯ ಡಬ್ಬ ತೋರಿಸಿ ಎನ್ನುವುದು. ಬೊಂಬಾಯಿಯ ಕಸ್ಟಮ್ಸ್ ದಾಟಬಹುದು, ನರ್ಸ್ ಬಾಯಿಯ ಕಸ್ಟಮ್ಸ್ ದಾಟಲಾಗದು ಎಂದು ಹುಡುಗರು ನಗುತ್ತಿದ್ದರು. ನಗಲಿ ಎಂದು ಬಿಟ್ಟೆ. ಹುಡುಗಿಯರೇ, ನಿಮಗೂ ಅದನ್ನೇ ಹೇಳುತ್ತೇನೆ. ಮದ್ದು ತಗೊಂಡಿರಾ ಎಂದು ಮಾತ್ರ ಕೇಳಬೇಡಿ, ಯಾರು ಏನು ಪ್ರೀತಿಯಿಂದ ಕೊಟ್ಟರು ಎಂದೂ ಕೇಳಿ.

ಆದರೆ ಕಾರ್ಮಿನ್ ಬಾಯಿಯ ಚಿಂತೆ ನನ್ನನ್ನು ಬಿಡಲಿಲ್ಲ. ಗಿರಿಜಕ್ಕ ಆಸ್ಪತ್ರೆಯಿಂದ ಗುಣವಾಗಿ ಬಂದ ಸುದ್ದಿ ಕೇಳಿದರೂ ಅವರು ಮನೆಯಿಂದ ಹೊರಗೆ ಬರಲಿಲ್ಲ. ಸಿರಿಲ್ ಬಹರೈನಿಗೆ ಹಿಂದಿರುಗಿದ. ಕೇಳದೆ ಹಿಡಿ ತುಂಬ ಕೊಡುತ್ತಿದ್ದ ಹೆಂಗಸು, ನೆರೆಮನೆಯ ಮಗು ಬಂದರೂ ಬಿಸ್ಕತ್ತು ಕೊಡಲು ಹೆದರುತ್ತಿದ್ದರು. ಬಾಗಿಲು ಸದಾ ಓರೆ. ಗಿರಿಜಕ್ಕ ಬುಟ್ಟಿ ಹೊತ್ತು ಮತ್ತೆ ಬರಲು ಶುರು ಮಾಡಿದರೆ ತಾನು ಮುಖ ತೋರಿಸುವುದು ಹೇಗೆ ಎಂದು ನನ್ನೊಡನೆ ಅನ್ನುತ್ತಿದ್ದರು. ಇದಕ್ಕೆ ನನ್ನ ಚೀಲದಲ್ಲಿ ಮದ್ದಿರಲಿಲ್ಲ. ಹೋಗಿ ಬಂದು ಅವರ ಒತ್ತಡ ನೋಡುತ್ತಿದ್ದೆ, ಅಷ್ಟೆ.

ಹಾಗೆ ಪಟ್ಟಿ ಸುತ್ತಿ ಕುಳಿತಿದ್ದ ಒಂದು ಬೆಳಗ್ಗೆ ಹೊರಗೆ "ಬಂಗುಡೆ ಉಂಟು" ಎಂಬ ಕೂಗು ಕೇಳಿತು. ಕಾರ್ಮಿನ್ ಬಾಯಿಯ ನಾಡಿ ನನ್ನ ಕಿವಿಯ ಕೊಳವೆಯಲ್ಲಿ ಓಡಲು ಶುರುವಾಯಿತು. ಗಿರಿಜಕ್ಕ ಯಾವ ಮನೆಗೂ ಹೋಗದೆ ಮೊದಲು ಅಲ್ಲಿಗೇ ಬಂದಿದ್ದರು. ಬುಟ್ಟಿಯನ್ನು ಜಗಲಿಯ ಮೇಲೆ ಇಳಿಸಿದರು. ತಲೆಯ ಸಿಂಬೆಯನ್ನು ತೆಗೆದು ಬದಿಗಿಟ್ಟರು. ಓರೆ ಬಾಗಿಲನ್ನು ತಾವೇ ತಳ್ಳಿ, ಹೊಸ್ತಿಲಿನಲ್ಲಿ ಕಾಲು ನೀಡಿ ಕುಳಿತರು.

"ಬಾಯಮ್ಮ, ಚಾ ಉಂಟಾ?" ಎಂದರು ಗಿರಿಜಕ್ಕ. "ಉಂಟಾದರೆ ಒಂದು ಗ್ಲಾಸು ಕೊಡಿ. ಸಕ್ಕರೆ ಸ್ವಲ್ಪ ಜಾಸ್ತಿ ಹಾಕಿ."